ಸೂಜಿ ಡಬ್ಬಿ ಇಲ್ಲದ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರುವ ಮುನ್ನ

ಆಸ್ಪತ್ರೆ, ಕ್ಲಿನಿಕ್ಕುಗಳಲ್ಲಿ ಶುಶ್ರೂಷೆಯ ಕೆಲಸಕ್ಕೆ, ಅದರಲ್ಲೂ ಸ್ವಚ್ಛತಾ ಕೆಲಸಕ್ಕೆ ಸೇರಲಿರುವವರು ಓದಲೆಂದು ಇದನ್ನು ಬರೆಯುತ್ತಿದ್ದೇನೆ. ನಾನು ಶುಶ್ರೂಷಕಿಯಾಗಿದ್ದ ಒಂದು ಸಣ್ಣ ಆಸ್ಪತ್ರೆಯಲ್ಲಿ ಆಡಳಿತದವರು ಖರ್ಚು ಕಡಿಮೆ ಮಾಡಲು ಹೊರಟಾಗ ಮೊದಲು ಕೈಹಾಕಿದ್ದು ತ್ಯಾಜ್ಯದ ವ್ಯವಸ್ಥೆಗೆ. ಬಳಸಿದ ಸೂಜಿಗಳನ್ನು ಹಾಕುವ, ಚುಚ್ಚಿದರೆ ತೂತಾಗದ ಗಟ್ಟಿ ಡಬ್ಬಿಗಳು ಹೋಗಿ ಔಷಧಿ ಬಂದ ರಟ್ಟಿನ ಪೆಟ್ಟಿಗೆಗಳು ಬಂದವು. ನಾವು ಲಿಖಿತವಾಗಿ ಆಕ್ಷೇಪಿಸಿದೆವು. ಹೇಗಿದ್ದರೂ ಎಸೆಯುವ ವಸ್ತುವಿಗೆ ಅಷ್ಟು ದುಡ್ಡೇಕೆ ಎಂಬ ಉತ್ತರ ಬಂತು.

ಸಿರಿಂಜುಗಳಲ್ಲಿ ಉಳಿದ ದ್ರವ ಇಳಿದು ಪೆಟ್ಟಿಗೆಯ ತಳ ನೆನೆದು ಮೆತ್ತಗಾಗುತ್ತಿತ್ತು. ಎತ್ತಿದರೆ ತಳ ಕಳಚೀತೆಂದು ಅದನ್ನು ಇಡಿಯಾಗಿ, ರಕ್ತದ ಡ್ರೆಸ್ಸಿಂಗ್, ಕೈಗವಸು, ಸಲೈನ್ ಕೊಳವೆ, ಕೊನೆಗೆ ಊಟದ ಕಾಗದದ ತಟ್ಟೆಗಳೂ ಸೇರಿದ್ದ ಒಂದೇ ಚೀಲಕ್ಕೆ ಇಳಿಸುವುದು ರೂಢಿಯಾಯಿತು. ಹಾಗೆ ತುಂಬಿದ ಚೀಲದ ಬಾಯಿ ಕಟ್ಟಲು ಸ್ವಚ್ಛತಾ ಸಿಬ್ಬಂದಿಯೊಬ್ಬರು ಮೇಲಿನಿಂದ ಅದುಮಿದಾಗ ಸೂಜಿಯೊಂದು ಚೀಲವನ್ನೂ ಕೈಗವಸನ್ನೂ ದಾಟಿ ಅವರ ಅಂಗೈಗೆ ಹೊಕ್ಕಿತು. ರೋಗಿಯನ್ನು ಪರೀಕ್ಷಿಸುವಾಗ ಹಾಕುವ ತೆಳು ಕೈಗವಸು ಸೂಜಿಯನ್ನು ತಡೆಯುವುದಿಲ್ಲ; ತ್ಯಾಜ್ಯ ಎತ್ತುವವರಿಗೆ ಬೇಕಾದುದು ದಪ್ಪ ಕೈಗವಸು, ಅದು ಅವರಿಗೆ ಸಿಕ್ಕಿರಲೇ ಇಲ್ಲ.

ಚುಚ್ಚಿದ ನೋವು ಮರುದಿನಕ್ಕೆ ಮರೆತುಹೋಗುವಂಥದ್ದು. ನಿಜವಾದ ಸಂಕಟವೆಂದರೆ, ಆ ಸೂಜಿ ಯಾವ ರೋಗಿಯದ್ದೆಂದು ಯಾರೂ ಹೇಳಲಾರದೆ ಹೋದದ್ದು. ರೋಗಿಗೆ ಇಂಜೆಕ್ಷನ್ ಕೊಡುವಾಗ ಚುಚ್ಚಿಕೊಂಡರೆ ಆ ರೋಗಿಯ ರಕ್ತವನ್ನಾದರೂ ಪರೀಕ್ಷಿಸಬಹುದು. ಚೀಲದಿಂದ ಬಂದ ಸೂಜಿಗೆ ಆ ದಾರಿಯೂ ಇಲ್ಲ. ಲಸಿಕೆ ಪಡೆಯದವರಿಗೆ ಸೋಂಕಿನ ಸೂಜಿಯಿಂದ ಹೆಪಟೈಟಿಸ್ ಬಿ ಎಂಬ ಯಕೃತ್ತಿನ ರೋಗ ತಗಲುವ ಸಾಧ್ಯತೆ ಶೇಕಡಾ 30ರವರೆಗೂ ಹೋಗಬಹುದು. ಎಚ್‌ಐವಿಯ ವಿಷಯದಲ್ಲಿ ಅದು ಸುಮಾರು ಶೇಕಡಾ 0.3. ಎಲ್ಲರೂ ಹೆದರುವುದು ಎರಡನೆಯದಕ್ಕೆ, ಲಸಿಕೆಯಿಂದ ತಡೆಯಬಹುದಾದದ್ದು ಮೊದಲನೆಯದು. ನಮ್ಮಲ್ಲಿ ವೈದ್ಯರಿಗೂ ಶುಶ್ರೂಷಕರಿಗೂ ಹೆಪಟೈಟಿಸ್ ಬಿ ಲಸಿಕೆ ಆಗಿತ್ತು, ಚೀಲ ಹೊರುವವರಿಗೆ ಆಗಿರಲಿಲ್ಲ. ಈ ತಾರತಮ್ಯಕ್ಕೆ ಆಡಳಿತದವರ ಬಳಿ ಯಾವ ಸಮಜಾಯಿಷಿಯೂ ಇರಲಿಲ್ಲ.

ತ್ಯಾಜ್ಯ ಒಯ್ಯುತ್ತಿದ್ದ ಗುತ್ತಿಗೆದಾರರು ಈ ಬೆರಕೆ ಚೀಲಗಳನ್ನು ಒಂದು ಮಾತೂ ಆಡದೆ ವಾಹನಕ್ಕೆ ಏರಿಸುತ್ತಿದ್ದರು. ಆಡಳಿತದವರಿಗೆ ಅದು ಅನುಕೂಲವೆನಿಸಿತ್ತು, ನನಗೆ ಅದೇ ಅನುಮಾನದ ಮೂಲ. ಏಕೆಂದರೆ ಒಂದೊಂದು ತ್ಯಾಜ್ಯಕ್ಕೆ ಒಂದೊಂದು ಸಂಸ್ಕರಣೆ ಇದೆ: ಆಟೊಕ್ಲೇವ್ ಎಂಬ ಯಂತ್ರದಲ್ಲಿ ಸಾಮಾನ್ಯವಾಗಿ 121 ಡಿಗ್ರಿ ಸೆಲ್ಸಿಯಸ್ ಹಬೆಗೆ ಒಡ್ಡಿ ರೋಗಾಣುಮುಕ್ತ ಮಾಡಬೇಕಾದ ಪಿವಿಸಿ ಪ್ಲಾಸ್ಟಿಕ್ಕಿನ ಕೊಳವೆಯನ್ನು ಸುಟ್ಟರೆ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ, ಒಡೆದ ಥರ್ಮಾಮೀಟರಿನ ಪಾದರಸ ಬೆಂಕಿಗೆ ಬಿದ್ದರೆ ಆವಿಯಾಗಿ ಗಾಳಿ ಸೇರುತ್ತದೆ. ಎಲ್ಲವನ್ನೂ ಒಂದೇ ಚೀಲದಲ್ಲಿ ಸ್ವೀಕರಿಸುವವರು ಮುಂದೆ ಅದನ್ನು ಬೇರ್ಪಡಿಸಿ ಸಂಸ್ಕರಿಸುತ್ತಾರೆಂದು ನಂಬಲು ಕಾರಣವಿಲ್ಲ. ಉಳಿತಾಯದ ಲೆಕ್ಕವೂ ಪೊಳ್ಳು: ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಆರೋಗ್ಯ ಕೇಂದ್ರಗಳ ತ್ಯಾಜ್ಯದಲ್ಲಿ ಸುಮಾರು ಶೇಕಡಾ 85ರಷ್ಟು ಸಾಮಾನ್ಯ ಕಸ, ಉಳಿದ 15ರೊಂದಿಗೆ ಬೆರೆತ ಕ್ಷಣವೇ ಅದೂ ಅಪಾಯಕಾರಿಯಾಗಿ, ಅದರ ಸಂಸ್ಕರಣೆಯ ಖರ್ಚೂ ಮೇಲೆ ಬೀಳುತ್ತದೆ.

ಆದ್ದರಿಂದ ಸೇರುವ ಮೊದಲು ವಾರ್ಡಿನೊಳಗೆ ಒಮ್ಮೆ ನಡೆದು ನೋಡಿ. ಇಂಜೆಕ್ಷನ್ ಕೊಡುವ ಜಾಗದಲ್ಲೇ, ಕೈಗೆಟಕುವಂತೆ ಸೂಜಿ ಡಬ್ಬಿ ಇರಬೇಕು. ಮುಕ್ಕಾಲು ತುಂಬಿದೊಡನೆ ಅದನ್ನು ಮುಚ್ಚಿ ಬದಲಿಸುತ್ತಿರಬೇಕು. ಬಳಸಿದ ಸೂಜಿಗೆ ಎರಡೂ ಕೈಗಳಿಂದ ಮತ್ತೆ ಮುಚ್ಚಳ ಹಾಕುವ ಅಭ್ಯಾಸ ಕಂಡರೆ ಅಲ್ಲಿ ತರಬೇತಿ ನಡೆದಿಲ್ಲವೆಂದೇ ತಿಳಿಯಿರಿ. ಲಸಿಕೆಯ ಬಗ್ಗೆ ಸಂದರ್ಶನದಲ್ಲೇ ಕೇಳಿ, ಸಂಕೋಚ ಬೇಡ.

ಅಕಸ್ಮಾತ್ ಸೂಜಿ ಚುಚ್ಚಿದರೆ ಗಾಯವನ್ನು ಹಿಂಡದೆ, ಬಾಯಿಗೆ ಒಯ್ಯದೆ, ಸೋಪು ನೀರಿನಲ್ಲಿ ತೊಳೆದು ತಕ್ಷಣ ವೈದ್ಯರನ್ನು ಕಾಣಿ. ಎಚ್‌ಐವಿ ತಡೆಯುವ ಔಷಧಿಯನ್ನು ಆದಷ್ಟು ಬೇಗ, ತಡವೆಂದರೂ 72 ಗಂಟೆಯೊಳಗೆ ಆರಂಭಿಸಿ 28 ದಿನ ತೆಗೆದುಕೊಳ್ಳಬೇಕಾಗುತ್ತದೆ. ನಮ್ಮ ಸಹೋದ್ಯೋಗಿಯ ಘಟನೆಯನ್ನು ದಾಖಲೆ ಪುಸ್ತಕದಲ್ಲಿ ಬರೆಯಿಸಲು ನಾವು ಆಡಳಿತದವರೊಂದಿಗೆ ಜಗಳವಾಡಬೇಕಾಯಿತು. ನೀವು ಅದೇ ದಿನ ಸಮಯಸಹಿತ ಬರೆಯಿಸಿ, ಪ್ರತಿಯನ್ನು ನಿಮ್ಮ ಬಳಿಯೇ ಇಟ್ಟುಕೊಳ್ಳಿ. ಚುಚ್ಚಿದ ಕೂಡಲೇ ಮಾಡಿಸಿದ ಮೊದಲ ರಕ್ತಪರೀಕ್ಷೆಯ ವರದಿ ಕೈಯಲ್ಲಿಲ್ಲದಿದ್ದರೆ, ಮುಂದೆ ಸೋಂಕು ಕಂಡಾಗ ಅದು ಕೆಲಸದಿಂದಲೇ ಬಂದದ್ದೆಂದು ತೋರಿಸುವುದು ಬಹಳ ಕಷ್ಟ.