ಬೈಕಿನ ಎಂಜಿನ್ ಲೈಟ್ ಓದುವ ಚಿಕ್ಕ ಸ್ಕ್ಯಾನರ್: ಬಳ್ಳಾರಿಯಲ್ಲಿ ಬಳಸಿ ನೋಡಿದ ಮೇಲೆ

ಬಿಎಸ್ 6 (ಹೊಗೆ ಮಾಲಿನ್ಯದ ಹೊಸ ನಿಯಮ) ಬೈಕ್ ಇರುವವರು, ಎಂಜಿನ್ ಲೈಟ್ ಯಾಕೆ ಹತ್ತಿತು ಅಂತ ಫೋನಿಗೆ ತೋರಿಸುವ ಒಂದು ಬ್ಲೂಟೂತ್ ಸ್ಕ್ಯಾನರ್ ತಗೊಳ್ಳಬಹುದಾ ಅಂತ ಕೇಳಿದರೆ ನಾನು ತಗೊಳ್ಳಿ ಅಂತಲೇ ಹೇಳ್ತೀನಿ. ಜೊತೆಗೆ ವೋಲ್ಟೇಜ್ ಅಳೆಯುವ ಒಂದು ಸಾದಾ ಮಲ್ಟಿಮೀಟರೂ ಮನೆಯಲ್ಲಿ ಇರಲಿ. ಯಾಕೆಂದರೆ ಸ್ಕ್ಯಾನರ್ ಕೊಡುವ ಕೋಡು ತೊಂದರೆ ಯಾವ ಸರ್ಕ್ಯೂಟ್‌ನಲ್ಲಿದೆ ಅಂತ ಮಾತ್ರ ಹೇಳುತ್ತದೆ. ಆ ಸರ್ಕ್ಯೂಟ್‌ನಲ್ಲಿ ಸೆನ್ಸರ್ ಇದೆ, ಕಪ್ಲರ್ (ವೈರುಗಳನ್ನ ಜೋಡಿಸುವ ಪ್ಲಗ್) ಇದೆ, ವೈರ್ ಇದೆ, ಅರ್ಥ್ ಇದೆ. ಕೆಟ್ಟಿರೋದು ಇವುಗಳಲ್ಲಿ ಯಾವುದು ಅನ್ನೋದನ್ನ ನಾವೇ ಹುಡುಕಬೇಕು.

ನಾನು ತರಿಸಿದ್ದು ಎರಡು ಸಾಮಾನು. ಒಂದು ಇಎಲ್‌ಎಂ 327 ಅನ್ನೋ ನೀಲಿ ಬಣ್ಣದ ಪುಟ್ಟ ಅಡಾಪ್ಟರ್, ಕಾರಿಗೆ ಹಾಕುವಂಥದ್ದೇ, 16 ಪಿನ್ ಇರುತ್ತದೆ. ಇನ್ನೊಂದು ಆ 16 ಪಿನ್ನಿಂದ ಬೈಕಿನ 6 ಪಿನ್ ಕೆಂಪು ಕಪ್ಲರ್‌ಗೆ ಹೋಗುವ ಕೇಬಲ್. ಎರಡೂ ಸೇರಿ ಸಾವಿರ ರೂಪಾಯಿಯ ಒಳಗೇ ಬಂತು. ಬಳ್ಳಾರಿಯಲ್ಲಿ ಕಾರ್ ಆಕ್ಸೆಸರೀಸ್ ಅಂಗಡಿಯಲ್ಲಿ ಕೇಳಿದಾಗ ಅಡಾಪ್ಟರ್ ಸಿಕ್ಕಿತು, ಬೈಕಿನ ಕೇಬಲ್ ಸಿಗಲಿಲ್ಲ, ಅದನ್ನ ಆನ್‌ಲೈನ್‌ನಲ್ಲಿ ತರಿಸಿದೆ. ಫೋನಿನಲ್ಲಿ ಕಾರ್ ಸ್ಕ್ಯಾನರ್ ಆ್ಯಪ್ ಹಾಕಿಕೊಂಡೆ, ಉಚಿತ ಆವೃತ್ತಿಯೇ ಸಾಕು.

ನನ್ನದು 150 ಸಿಸಿ ಬೈಕು. ಕುಡತಿನಿ, ತೋರಣಗಲ್ಲು ಕಡೆ ಓಡಾಟ ಜಾಸ್ತಿ. ಆ ರೋಡಿನ ಕೆಂಪು ಧೂಳು, ಅದಿರು ಲಾರಿ, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು, ಧೂಳು ಜಾಸ್ತಿಯಾಯಿತು ಅಂತ ಪದೇ ಪದೇ ವಾಟರ್ ಸರ್ವಿಸ್, ಇಷ್ಟೂ ಸೇರಿ ಬೈಕಿನ ವೈರಿಂಗ್‌ಗೆ ಏನು ಮಾಡುತ್ತವೆ ಅನ್ನೋದು ಇಲ್ಲಿಯವರಿಗೆ ಗೊತ್ತೇ ಇದೆ ಅಲ್ವಾ.

ಮೊದಲು ಯಾವ ಬೈಕಿಗೆ ಆಗುತ್ತದೆ ಅಂತ ಹೇಳಿಬಿಡ್ತೀನಿ. 2020ರ ಏಪ್ರಿಲ್ 1ರಿಂದ ನಮ್ಮಲ್ಲಿ ಬಿಎಸ್ 6 ಬಂತು, ಅದರ ಜೊತೆಗೆ ಬೈಕುಗಳಲ್ಲಿ ಓಬಿಡಿ, ಅಂದರೆ ತೊಂದರೆಯನ್ನ ಬೈಕೇ ಪತ್ತೆಹಚ್ಚಿ ಹೇಳುವ ವ್ಯವಸ್ಥೆಯೂ ಬಂತು. 2023ರ ಏಪ್ರಿಲ್‌ನಿಂದ ಅದರ ಎರಡನೇ ಹಂತ. ಹೊಸ ಬೈಕುಗಳಲ್ಲಿ ಈ ಅಡಾಪ್ಟರ್ ಚೆನ್ನಾಗಿ ಮಾತಾಡುತ್ತದೆ. 2020ರಿಂದ 2022ರ ನಡುವಿನ ಕೆಲವು ಮಾಡೆಲ್‌ಗಳು ಕಂಪನಿಯ ಸ್ವಂತ ಸ್ಕ್ಯಾನರ್‌ಗೆ ಬಿಟ್ಟು ಬೇರೆಯದಕ್ಕೆ ಉತ್ತರವನ್ನೇ ಕೊಡಲ್ಲ. ಹಳೇ ಕಾರ್ಬ್ಯುರೇಟರ್ ಬೈಕಿಗಂತೂ ಇದರಿಂದ ಏನೂ ಉಪಯೋಗ ಇಲ್ಲ. ಸೀಟು ತೆಗೆದು ಬ್ಯಾಟರಿ ಸುತ್ತಮುತ್ತ ನೋಡಿ, ರಬ್ಬರ್ ಟೋಪಿ ಹಾಕಿದ ಕೆಂಪು 6 ಪಿನ್ ಕಪ್ಲರ್ ಖಾಲಿ ಕೂತಿದ್ದರೆ ಅದೇ. ಅದು ಐಎಸ್ಒ 19689 ಅನ್ನೋ ಮಾನದಂಡದ ಕಪ್ಲರ್. ಆದರೆ 6 ಪಿನ್ ಇದ್ದದ್ದೆಲ್ಲ ಒಂದೇ ಅಂತ ತಿಳಿಯಬೇಡಿ. ಕೆಲವು ಕಂಪನಿಗಳು ಬೇರೆ ಥರ ಪಿನ್ ಜೋಡಿಸಿವೆ. ಕೇಬಲ್ ತಪ್ಪಾದರೆ ಡೇಟಾ ವೈರಿಗೆ 12 ವೋಲ್ಟ್ ಹೋಗುವ ಅಪಾಯ ಇದೆ. ಹಾಗಾಗಿ ಅಡಾಪ್ಟರ್ ಸಿಕ್ಕಿಸುವ ಮೊದಲು ಕೇಬಲ್ ಮಾತ್ರ ಬೈಕಿಗೆ ಹಾಕಿ, 16 ಪಿನ್ ಕಡೆ ಮೀಟರ್ ಹಿಡಿಯಿರಿ. 16ನೇ ಪಿನ್‌ಗೆ ಬ್ಯಾಟರಿ ವೋಲ್ಟೇಜ್ ಬರಬೇಕು, 4 ಮತ್ತು 5 ಅರ್ಥ್ ಆಗಿರಬೇಕು. ಎರಡು ನಿಮಿಷದ ಕೆಲಸ, ದಯವಿಟ್ಟು ಬಿಡಬೇಡಿ.

ಇನ್ನು ಅಡಾಪ್ಟರ್ ಗುಣಮಟ್ಟ. ಮಾರುಕಟ್ಟೆಯಲ್ಲಿ ಈ ಬೆಲೆಗೆ ಸಿಗೋದೆಲ್ಲ ನಕಲು ಚಿಪ್‌ಗಳೇ. ಮೂಲ ಚಿಪ್ ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್‌ನದು, ಆ ಕಂಪನಿ 2022ರಲ್ಲಿ ಮುಚ್ಚಿತು. ಡಬ್ಬದ ಮೇಲೆ 1.5 ಅಂತ ಬರೆದಿರುತ್ತದೆ, 2.1 ಅಂತಲೂ ಇರುತ್ತದೆ. ಆ 1.5 ಅನ್ನೋ ಆವೃತ್ತಿಯನ್ನ ಮೂಲ ಕಂಪನಿ ಮಾಡಲೇ ಇಲ್ಲ. ಆದರೂ ನಕಲುಗಳಲ್ಲಿ 1.5 ಅಂತ ಬರೋದು ಸಾಮಾನ್ಯವಾಗಿ ಹೆಚ್ಚು ಪ್ರೋಟೋಕಾಲ್ (ಬೈಕು ಮಾತಾಡುವ ಭಾಷೆ) ಓದುತ್ತದೆ, 2.1 ಅಂತ ಬರುವ ಅಗ್ಗದ್ದರಲ್ಲಿ ಎಷ್ಟೋ ಕಮಾಂಡ್‌ಗಳೇ ಇರಲ್ಲ. ನನ್ನದು 1.5, ಬೈಕಿನ ಜೊತೆ ತಕರಾರಿಲ್ಲದೆ ಜೋಡಿಯಾಗುತ್ತದೆ. ಪೇರ್ ಮಾಡುವಾಗ 1234 ಕೊಟ್ಟೆ, ಕೆಲವಕ್ಕೆ 0000 ಬೇಕಾಗುತ್ತದೆ. ಐಫೋನ್ ಇರುವವರು ಈ ಸಾದಾ ಬ್ಲೂಟೂತ್ ಮಾಡೆಲ್ ತಗೊಂಡರೆ ಕೆಲಸ ಆಗಲ್ಲ, ಬಿಎಲ್ಇ (ಕಡಿಮೆ ವಿದ್ಯುತ್ತಿನ ಬ್ಲೂಟೂತ್) ಅಥವಾ ವೈಫೈ ಇರೋದೇ ನೋಡಿ ತಗೊಳ್ಳಬೇಕು.

ಈಗ ಅಸಲಿ ವಿಷಯಕ್ಕೆ ಬರೋಣ. ಮೇ ತಿಂಗಳಲ್ಲಿ ನನ್ನ ಬೈಕಿನ ಹಳದಿ ಎಂಜಿನ್ ಲೈಟ್ ಹತ್ತಿಕೊಂಡಿತು. ಬೆಳಿಗ್ಗೆ ಸ್ಟಾರ್ಟ್ ಆದಮೇಲೆ ಸ್ವಲ್ಪ ಹೊಗೆ, ಪೆಟ್ರೋಲ್ ವಾಸನೆ, ಮೈಲೇಜೂ ಇಳಿದಿತ್ತು. ಒಂದು ವರ್ಕ್‌ಶಾಪ್‌ಗೆ ಹೋದೆ. ಅವರು ಸ್ಕ್ಯಾನರ್ ಹಾಕಿ, ಕೋಡ್ ನೋಡಿ, ಥ್ರಾಟಲ್ ಬಾಡಿ (ಎಂಜಿನ್ನಿಗೆ ಗಾಳಿ ಬಿಡುವ ಭಾಗ) ಮೇಲಿನ ಸೆನ್ಸರ್ ಸೆಟ್ಟೇ ಬದಲಿಸಬೇಕು ಅಂದರು. ಹೇಳಿದ್ದು ನಾಲ್ಕಂಕಿಯ ಬಿಲ್. ಕೋಡ್ ಯಾವುದು ಅಂತ ಕೇಳಿದರೆ ಸೆನ್ಸರ್ ಹೋಗಿದೆ ಅಂತ ಅಷ್ಟೇ ಉತ್ತರ. ನನಗೆ ಬೇಜಾರಾಗಿದ್ದು ಅಲ್ಲಿ. ಬೈಕು ನಮ್ಮದು, ಅದು ಏನು ಹೇಳ್ತಿದೆ ಅನ್ನೋದನ್ನ ತಿಳಿಯುವ ಹಕ್ಕು ನಮಗಿದೆ.

ಮನೆಗೆ ಬಂದು ನನ್ನ ಅಡಾಪ್ಟರ್ ಹಾಕಿದೆ. ಪಿ0113 ಅಂತ ಬಂತು. ಈ ಕೋಡುಗಳಿಗೆ ಒಂದು ಲೆಕ್ಕ ಇದೆ. ಮೊದಲ ಅಕ್ಷರ ಪಿ ಅಂದರೆ ಎಂಜಿನ್ ಕಡೆಯದು, ಸಿ ಅಂದರೆ ಎಬಿಎಸ್ ಥರದ್ದು, ಯು ಅಂದರೆ ಒಂದು ಯೂನಿಟ್ ಇನ್ನೊಂದರ ಜೊತೆ ಮಾತಾಡುವ ತೊಂದರೆ. ಆಮೇಲಿನ ಅಂಕಿ 0 ಇದ್ದರೆ ಎಲ್ಲ ಕಂಪನಿಗೂ ಒಂದೇ ಅರ್ಥ, 1 ಇದ್ದರೆ ಆ ಕಂಪನಿಯ ಸ್ವಂತದ್ದು. ಮೂರನೇ ಜಾಗದಲ್ಲಿ 1 ಬಂದರೆ ಗಾಳಿ ಮತ್ತು ಪೆಟ್ರೋಲ್ ಅಳತೆ, 2 ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಸರ್ಕ್ಯೂಟ್, 3 ಇಗ್ನಿಷನ್ (ಕಿಡಿ), 5 ಸ್ಪೀಡು ಮತ್ತು ಐಡ್ಲಿಂಗ್. ಪಿ0113 ಅಂದರೆ ಒಳಗೆ ಬರುವ ಗಾಳಿಯ ಉಷ್ಣತೆ ಅಳೆಯುವ ಸರ್ಕ್ಯೂಟ್‌ನಲ್ಲಿ ವೋಲ್ಟೇಜ್ ಜಾಸ್ತಿ.

ಅಷ್ಟಕ್ಕೇ ನಿಲ್ಲಿಸಿದ್ದರೆ ನಾನೂ ಸೆನ್ಸರ್ ತರಿಸುತ್ತಿದ್ದೆನೋ ಏನೋ. ಆದರೆ ಇದೇ ಆ್ಯಪ್‌ನಲ್ಲಿ ಲೈವ್ ಡೇಟಾ ಅಂತ ಒಂದು ಪುಟ ಇದೆ, ನನ್ನ ಪ್ರಕಾರ ಸ್ಕ್ಯಾನರ್‌ಗೆ ಕೊಟ್ಟ ದುಡ್ಡು ಪೂರ್ತಿ ಅದಕ್ಕೇ. ಅಲ್ಲಿ ಗಾಳಿಯ ಉಷ್ಣತೆ ಮೈನಸ್ 40 ಅಂತ ತೋರಿಸುತ್ತಿತ್ತು. ಮೇ ತಿಂಗಳ ಬಳ್ಳಾರಿಯಲ್ಲಿ! ಈ ಸೆನ್ಸರ್ ತಣ್ಣಗಾದಷ್ಟೂ ರೆಸಿಸ್ಟೆನ್ಸ್ ಏರಿಸುವ ಜಾತಿಯದು. ವೈರ್ ಎಲ್ಲೋ ಕಡಿದುಹೋದರೆ ಇಸಿಯುಗೆ (ಎಂಜಿನ್ ನಡೆಸುವ ಕಂಪ್ಯೂಟರಿಗೆ) ಅದು ಮಿತಿಯಿಲ್ಲದ ರೆಸಿಸ್ಟೆನ್ಸ್ ಥರ ಕಾಣುತ್ತದೆ, ಹಾಗಾಗಿ ಅದರ ಲೆಕ್ಕದಲ್ಲಿ ಹೊರಗೆ ಭಯಂಕರ ಚಳಿ. ಚಳಿಯ ಗಾಳಿ ದಟ್ಟ ಅಂತ ಪೆಟ್ರೋಲನ್ನೂ ಜಾಸ್ತಿ ಬಿಡಬಹುದು. ಹೊಗೆ, ವಾಸನೆ, ಮೈಲೇಜ್ ಎಲ್ಲದಕ್ಕೂ ಕಾರಣ ಸಿಕ್ಕಿತು. ಮೈನಸ್ 40 ಕಂಡರೆ ಮೊದಲ ಅನುಮಾನ ಕಡಿದ ವೈರ್ ಅಥವಾ ಬಿಟ್ಟ ಕಪ್ಲರ್ ಮೇಲೆ ಇರಬೇಕು. ತದ್ವಿರುದ್ಧವಾಗಿ ಪಿ0112 ಬಂದು ನೂರು ಡಿಗ್ರಿಗಿಂತ ಮೇಲೆ ತೋರಿಸಿದರೆ ವೈರ್ ಎಲ್ಲೋ ಅರ್ಥ್‌ಗೆ ತಾಗಿದೆ ಅಂತ ಲೆಕ್ಕ.

ಕೀ ಆನ್, ಎಂಜಿನ್ ಆಫ್. ಫೋನ್ ಸೀಟಿನ ಮೇಲೆ ಇಟ್ಟುಕೊಂಡು ವೈರಿಂಗ್ ಕಟ್ಟನ್ನ ಥ್ರಾಟಲ್ ಬಾಡಿಯಿಂದ ಹಿಂದಕ್ಕೆ ಇಂಚಿಂಚಾಗಿ ಅಲುಗಾಡಿಸುತ್ತಾ ಬಂದೆ. ಟ್ಯಾಂಕಿನ ಕೆಳಗೆ ಕ್ಲಾಂಪ್ ಹಿಡಿದಿದ್ದ ಜಾಗ ಮುಟ್ಟಿದ ಕೂಡಲೇ ಮೈನಸ್ 40 ಹೋಗಿ 41 ಬಂತು, ಬಿಟ್ಟರೆ ಮತ್ತೆ ಮೈನಸ್ 40. ಟೇಪ್ ಬಿಚ್ಚಿ ನೋಡಿದರೆ ವೈರಿನ ಮೇಲಿನ ಪ್ಲಾಸ್ಟಿಕ್ ಸರಿಯಾಗೇ ಇದೆ, ಒಳಗಿನ ತಾಮ್ರ ಮುರಿದಿದೆ. ಬೆಸುಗೆ ಹಾಕಿ, ಹೀಟ್ ಶ್ರಿಂಕ್ ಟ್ಯೂಬ್ ಹಾಕಿ, ಕ್ಲಾಂಪ್ ಸ್ವಲ್ಪ ಸಡಿಲ ಮಾಡಿದೆ. ಆ್ಯಪ್‌ನಲ್ಲೇ ಕೋಡ್ ಅಳಿಸಿದೆ. ಆಮೇಲೆ ಲೈಟ್ ಬಂದಿಲ್ಲ. ಸೆನ್ಸರ್ ಹಳೆಯದೇ ಇದೆ.

ಎರಡೇ ವೈರಿನ ಪ್ರತ್ಯೇಕ ಸೆನ್ಸರ್ ಇದ್ದರೆ ಇನ್ನೊಂದು ಸುಲಭ ಪರೀಕ್ಷೆ ಇದೆ. ಕಪ್ಲರ್ ಬಿಚ್ಚಿ, ವೈರ್ ಕಡೆಯ ಎರಡು ಪಿನ್ನನ್ನ ಒಂದು ತುಂಡು ವೈರಿನಿಂದ ಜೋಡಿಸಿ. ರೀಡಿಂಗ್ ಮೈನಸ್ 40ರಿಂದ ಮೇಲಕ್ಕೆ ಜಿಗಿದರೆ ವೈರ್ ಸರಿ ಇದೆ, ಸೆನ್ಸರ್ ಕೆಟ್ಟಿದೆ. ಜಿಗಿಯದಿದ್ದರೆ ಸೆನ್ಸರ್ ಬದಲಿಸಿ ಏನೂ ಪ್ರಯೋಜನ ಇಲ್ಲ. ಮೂರು ನಾಲ್ಕು ವೈರಿರುವ ಜಂಟಿ ಸೆನ್ಸರ್‌ನಲ್ಲಿ ಮಾತ್ರ ಇದನ್ನ ಮಾಡಬೇಡಿ, ಅಲ್ಲಿ 5 ವೋಲ್ಟ್ ಸಪ್ಲೈ ಇರುತ್ತದೆ, ಅದನ್ನ ಅರ್ಥ್‌ಗೆ ಮುಟ್ಟಿಸಿದರೆ ಇಸಿಯುಗೇ ಕುತ್ತು.

ಲೈವ್ ಡೇಟಾದಲ್ಲಿ ನಾನು ಈಗ ನೋಡುವ ಇನ್ನೊಂದೆರಡು ಅಂಕಿಗಳಿವೆ. ಮ್ಯಾಪ್ ಸೆನ್ಸರ್, ಅಂದರೆ ಇಂಜಿನ್ನಿಗೆ ಹೋಗುವ ದಾರಿಯಲ್ಲಿ ಗಾಳಿಯ ಒತ್ತಡ ಅಳೆಯೋದು. ಎಂಜಿನ್ ಆಫ್ ಇದ್ದು ಕೀ ಆನ್ ಇದ್ದಾಗ ಅದು ಹೊರಗಿನ ಒತ್ತಡವನ್ನೇ ತೋರಿಸಬೇಕು. ಸಮುದ್ರ ಮಟ್ಟದಲ್ಲಿ ಅದು 101 ಕಿಲೋಪ್ಯಾಸ್ಕಲ್ ಆಸುಪಾಸು. ಬಳ್ಳಾರಿ 500 ಮೀಟರ್‌ಗೆ ಹತ್ತಿರ ಎತ್ತರದಲ್ಲಿದೆ, ಹಾಗಾಗಿ ಇಲ್ಲಿ 95, 96 ಬಂದರೆ ಸೆನ್ಸರ್ ಸರಿ ಇದೆ. ಅದರ ಬದಲು 60 ಅಂತ ತೋರಿಸಿದರೆ ಕೋಡ್ ಬರುವ ಮೊದಲೇ ಅನುಮಾನ ಪಡಬಹುದು. ಬ್ಯಾಟರಿ ವೋಲ್ಟೇಜ್ ಎಂಜಿನ್ ಆಫ್ ಇದ್ದಾಗ 12.6 ಹತ್ತಿರ, ಓಡುವಾಗ 13.5ರಿಂದ 14.5ರ ಒಳಗೆ ಇರಬೇಕು. ನಮ್ಮ ಬಿಸಿಲಿಗೆ ಬ್ಯಾಟರಿ ಬೇಗ ಸೋಲುತ್ತದೆ, ಪಿ0562, ಅಂದರೆ ವೋಲ್ಟೇಜ್ ಕಡಿಮೆ ಅನ್ನೋ ಕೋಡ್ ಬಂದರೆ ಇಸಿಯು ಬಗ್ಗೆ ಗಾಬರಿಯಾಗದೆ ಮೊದಲು ಬ್ಯಾಟರಿ ಟರ್ಮಿನಲ್, ಆಮೇಲೆ ಚಾರ್ಜಿಂಗ್ ವೋಲ್ಟೇಜ್ ಹತೋಟಿಯಲ್ಲಿಡುವ ರೆಗ್ಯುಲೇಟರ್ ನೋಡಿ. ಪಿ0131 (ಸೈಲೆನ್ಸರ್ ಹೊಗೆಯಲ್ಲಿ ಆಮ್ಲಜನಕ ಅಳೆಯುವ ಸೆನ್ಸರಿನ ವೋಲ್ಟೇಜ್ ಕಡಿಮೆ) ಬಂತು ಅಂತ ಆ ಆಕ್ಸಿಜನ್ ಸೆನ್ಸರ್ ಬದಲಿಸುವವರನ್ನೂ ನೋಡಿದ್ದೀನಿ. ಸೈಲೆನ್ಸರ್ ಪೈಪ್ ಎಂಜಿನ್ನಿಗೆ ಸೇರುವ ಗ್ಯಾಸ್ಕೆಟ್ ಲೀಕ್ ಇದ್ದರೆ ಹೊರಗಿನ ಗಾಳಿ ಒಳಗೆ ಎಳೆದು ಅದೇ ಕೋಡ್ ಬರುತ್ತದೆ, ಗ್ಯಾಸ್ಕೆಟ್‌ಗೆ ಖರ್ಚು ತೀರಾ ಕಮ್ಮಿ. ವಾಟರ್ ಸರ್ವಿಸ್ ಆದ ಮಾರನೇ ದಿನ ಯಾವುದೇ ಕೋಡ್ ಬಂದರೂ ಮೊದಲು ಕಪ್ಲರ್ ಬಿಚ್ಚಿ ಒಣಗಿಸಿ, ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆಯಿರಿ.

ಸ್ಕ್ಯಾನರ್‌ಗೆ ಆಗದ ಕೆಲಸಗಳೂ ಇವೆ. ಎಬಿಎಸ್ ಲೈಟ್ ಹತ್ತಿದರೆ ಈ ಅಗ್ಗದ ಅಡಾಪ್ಟರ್ ಅದನ್ನ ಓದಲ್ಲ, ನಾನು ಪ್ರಯತ್ನಪಟ್ಟೆ. ಅದಕ್ಕೆ ಕಂಪನಿಯ ಉಪಕರಣವೇ ಬೇಕು, ಬ್ರೇಕಿನ ವಿಷಯ ಆದ್ದರಿಂದ ಅಲ್ಲಿಗೇ ಹೋಗಿ. ಸಂಡೂರು ಕಡೆಯ ಧೂಳಿಗೆ ಏರ್ ಫಿಲ್ಟರ್ ಕಟ್ಟಿಕೊಂಡು ಪಿಕಪ್ ಬಿದ್ದರೂ ಎಷ್ಟೋ ಸಲ ಒಂದು ಕೋಡೂ ಬರಲ್ಲ. ವಾಲ್ವ್ ಟೈಟ್ ಇದ್ದರೆ, ಕ್ಲಚ್ ಸವೆದಿದ್ದರೆ ಅದಕ್ಕೆ ಗೊತ್ತಾಗಲ್ಲ. ಕೋಡ್ ಇಲ್ಲ ಅಂದ ಮಾತ್ರಕ್ಕೆ ಬೈಕು ಚೆನ್ನಾಗಿದೆ ಅಂತ ಅಲ್ಲ. ಅಡಾಪ್ಟರನ್ನ ಹಾಗೇ ಸಿಕ್ಕಿಸಿ ಬಿಟ್ಟರೆ ಬ್ಯಾಟರಿಯನ್ನೂ ನಿಧಾನವಾಗಿ ಹೀರುತ್ತದೆ, ಕೆಲಸ ಮುಗಿದ ಮೇಲೆ ಕಿತ್ತಿಡಬೇಕು.

ಸ್ಕ್ಯಾನರ್‌ಗೆ ಉತ್ತರ ಕೊಡದ ಬೈಕಾದರೆ ಲೈಟ್ ಮಿಣುಕೋದನ್ನೇ ಎಣಿಸುವ ದಾರಿ ಕೆಲವದರಲ್ಲಿ ಇದೆ. ಹೋಂಡಾಗಳಲ್ಲಿ ಉದ್ದ ಮಿಣುಕು ಒಂದಕ್ಕೆ ಹತ್ತು, ಗಿಡ್ಡ ಮಿಣುಕಿಗೆ ಒಂದು. ಒಂದು ಉದ್ದ, ಎರಡು ಗಿಡ್ಡ ಅಂದರೆ 12, ಇಂಜೆಕ್ಟರ್ ಸರ್ಕ್ಯೂಟ್. ಗಿಡ್ಡವೇ ಎಂಟು ಬಂದರೆ ಥ್ರಾಟಲ್ ಸೆನ್ಸರ್, ಒಂಬತ್ತು ಬಂದರೆ ನಾನು ಮೇಲೆ ಹೇಳಿದ ಗಾಳಿಯ ಉಷ್ಣತೆಯ ಸೆನ್ಸರ್. ಫೋನಿನಲ್ಲಿ ವಿಡಿಯೋ ಮಾಡಿಕೊಂಡು ನಿಧಾನಕ್ಕೆ ಎಣಿಸಿದರೆ ಗೊಂದಲ ಆಗಲ್ಲ.

ಸೆಕೆಂಡ್ ಹ್ಯಾಂಡ್ ಬೈಕ್ ಕೊಳ್ಳುವವರಿಗೆ ಇದು ಬಹಳ ಉಪಯೋಗ. ಕೀ ಆನ್ ಮಾಡಿದಾಗ ಎಂಜಿನ್ ಲೈಟ್ ಒಂದು ಸಲ ಹತ್ತಲೇಬೇಕು. ಹತ್ತಲೇ ಇಲ್ಲ ಅಂದರೆ ಯಾರೋ ಲೈಟಿನ ವೈರನ್ನೇ ತೆಗೆದಿರಬಹುದು, ಅಂಥ ಬೈಕಿಗೆ ಸ್ಕ್ಯಾನರ್ ಹಾಕದೆ ಮುಂಗಡ ಕೊಡಬೇಡಿ. ಕೋಡ್ ಅಳಿಸಿದ ಮೇಲೆ ಎಷ್ಟು ಕಿಲೋಮೀಟರ್ ಓಡಿದೆ ಅನ್ನೋದನ್ನ ಕೆಲವು ಬೈಕುಗಳು ಆ್ಯಪ್‌ಗೆ ಹೇಳುತ್ತವೆ. ಅಲ್ಲಿ ಎರಡೋ ಮೂರೋ ಕಿಲೋಮೀಟರ್ ಅಂತ ಕಂಡರೆ ನಿಮಗೆ ತೋರಿಸುವ ಮುಂಚೆಯೇ ಯಾರೋ ಅಳಿಸಿದ್ದಾರೆ ಅಂತ ಅರ್ಥ.

ಐದಕ್ಕೆ ನಾಲ್ಕು ಕೊಡ್ತೀನಿ. ಒಂದು ಕಡಿಮೆ ಮಾಡಿದ್ದು ಕೇಬಲ್ಲಿಗೆ, ಅದರ ಲಾಕ್ ಸಡಿಲ ಇದೆ, ಎಂಜಿನ್ ಓಡುವಾಗ ಅಲುಗಾಟಕ್ಕೆ ಒಮ್ಮೊಮ್ಮೆ ಕನೆಕ್ಷನ್ ಬಿಡುತ್ತದೆ. ತರಿಸಿದವರು ಕೇಬಲ್ ಬಂದ ದಿನವೇ ಹಾಕಿ, ಹತ್ತು ನಿಮಿಷ ಎಂಜಿನ್ ಓಡಿಸಿ ನೋಡಿ. ಸರಿ ಇಲ್ಲ ಅಂದರೆ ವಾಪಸ್ ಮಾಡುವ ಅವಧಿ ಮುಗಿಯುವ ಮುಂಚೆ ಕಳಿಸಿಬಿಡಿ.