ದೀಪಾವಳಿಗೆ ಚಕ್ಲಿ ಆರ್ಡರ್ ಕೊಡೋರು ಪಾಕೀಟಿನ ತಳ ನೋಡ್ರಿ

ನಮ್ಮ ಬೆಳಗಾವ್ಯಾಗ ದೀಪಾವಳಿ ಫರಾಳ, ಅಂದ್ರ ಹಬ್ಬದ ತಿಂಡಿ, ಹೊರಗ ಆರ್ಡರ್ ಕೊಡೋದ್ರಾಗ ತಪ್ಪೇನಿಲ್ಲ. ಅಕ್ಕಿ, ಕಡ್ಲಿಬ್ಯಾಳಿ, ಉದ್ದಿನಬ್ಯಾಳಿ ಹುರದು, ಕೊತ್ತಂಬರಿ ಬೀಜ, ಜೀರಗಿ ಕೂಡಿಸಿ ಗಿರಣ್ಯಾಗ ಬೀಸಿಸಿ ಭಾಜಣಿ ಮಾಡೂದು, ಆಮ್ಯಾಲ ಒಲಿ ಮುಂದ ನಿಂತು ಕರಿಯೂದು ಎಲ್ಲಾರ ಕೈಲೆ ಆಗೂದಿಲ್ಲ. ಆದ್ರ ಈ ಸಲ ನಮಗಾದ ಮೋಸ ನಿಮಗ ಆಗಬಾರದು.

ಪ್ಯಾಟ್ಯಾಗಿನ ಒಂದು ಅಂಗಡ್ಯಾಗ ಐದು ಕಿಲೋ ಹೇಳಿದ್ವಿ, ರೊಕ್ಕ ಪೂರ್ತಿ ಮುಂಗಡ. ರುಚಿ ನೋಡ್ರಿ ಅಂತ ಕಡಾಯಿಯಿಂದ ಆಗಷ್ಟ ತಗದ ಬಿಸಿ ಚಕ್ಲಿ ಕೈಗೆ ಕೊಟ್ರು. ಛಲೋ ಬಣ್ಣ, ಮುರಿದ್ರ ಕಟ್ ಅಂತಿತ್ತು. ಕಟ್ಟಿಕೊಟ್ಟದ್ದು ಮಾತ್ರ ಮೊದಲೇ ಪ್ಯಾಕ್ ಮಾಡಿಟ್ಟ ಮಾಲು. ಮನಿಗೆ ಬಂದು ಒಡದು ನೋಡಿದ್ರ ಮ್ಯಾಲಿನವು ಹೊಸಾವು, ಕೆಳಗಿನವು ಕಪ್ಪಗ ತಿರುಗ್ಯಾವು, ಬೆರಳಿಗೆಲ್ಲಾ ಎಣ್ಣಿ, ಕಮಟು ವಾಸನಿ. ಅತ್ತಿಯವರು ಒಂದು ಚೂರು ಬಾಯಾಗ ಹಾಕ್ಕೊಂಡು "ಇದು ಎರಡ ಸಲ ಕರದದ್ದು" ಅಂದ್ರು. ಮೆತ್ತಗಾದ ಹಳೇ ಚಕ್ಲಿ ಮತ್ತ ಎಣ್ಯಾಗ ಬಿಟ್ರ ಗರಿಗರಿ ಆಗತಾವು, ವಾಸನಿ ಹೋಗೂದಿಲ್ಲ. ಬಿಸಿ ಇರೂತನಕ ಗೊತ್ತಾಗೂದಿಲ್ಲ ಅಷ್ಟ. ತಿಂದ ಹುಡುಗರಿಗೆ ರಾತ್ರಿಪೂರ್ತಿ ಗಂಟಲ ಕೆರತ, ಕೆಮ್ಮು.

ಹಬ್ಬದ ಗದ್ದಲದಾಗ ಕಡಾಯಿ ತುಂಬ ಚಕ್ಲಿ ಬಿಟ್ರ ಕಾವು ಇಳದು ಅವು ಎಣ್ಣಿ ಕುಡೀತಾವು. ಸೋಡಾ ಜಾಸ್ತಿ ಆದ್ರೂ ಹಂಗ. ಅದ ಎಣ್ಣಿ ದಿನಾ ಕಾಸಿದ್ರಂತೂ ಕಪ್ಪಾಗಿ, ಅಂಟಾಗಿ, ನೊರಿ ಏಳತೈತಿ. ಹಿಂಗ ಕಾಸಿದಂಗೆಲ್ಲಾ ಎಣ್ಯಾಗ ಹೆಚ್ಚಾಗೂ ಕೆಟ್ಟ ಅಂಶಕ್ಕ ಟೋಟಲ್ ಪೋಲಾರ್ ಕಾಂಪೌಂಡ್ ಅಂತಾರ, ಅದು ಶೇ. 25 ದಾಟಿದ ಎಣ್ಣಿ ಬಳಸಬಾರದು ಅಂತ 2018ರ ಜುಲೈದಿಂದ ನಿಯಮ ಐತಿ. ಆ ಅಂಗಡಿ ಕಡಾಯಿ ತನಕ ನಿಯಮ ಬಂದಂಗ ಕಾಣಲಿಲ್ಲ.

ವಾಪಸ್ ಒಯ್ದ್ರ ಮಾಲಕ "ಕಮಟಲ್ರೀ ಅಕ್ಕಾರ, ಅದು ಎಳ್ಳಿನ ವಾಸನಿ" ಅಂದ. ಹುಡುಕಿದ್ರೂ ಅದರಾಗ ಒಂದು ಎಳ್ಳಿಲ್ಲ! ಪಾಕೀಟಿನ ಮ್ಯಾಲ ತಯಾರಿಸಿದ ತಾರೀಖಿಲ್ಲ, ಆಹಾರ ಸುರಕ್ಷತೆ ನೋಡೂ ಸರ್ಕಾರಿ ಸಂಸ್ಥೆ ಎಫ್‌ಎಸ್‌ಎಸ್‌ಎಐದ 14 ಅಂಕಿ ನಂಬರಿಲ್ಲ, ಬಿಲ್ ಅಂದ್ರ ಹಾಳಿ ಚೂರಿನ ಮ್ಯಾಲ ಪೆನ್ನಿಲೆ ಗೀಚಿದ್ದು. ಜಗಳಾಡಿದ ಮ್ಯಾಲ ಅರ್ಧ ರೊಕ್ಕ ಬಂತು. ನಾವು ವಾಪಸ್ ಕೊಟ್ಟ ಪಾಕೀಟು ನಮ್ಮ ಕಣ್ಣ ಮುಂದ ಮತ್ತ ಕಪಾಟಿಗೆ ಹೋದ್ವು. ನನಗ ಸಿಟ್ಟು ಬಂದದ್ದು ರೊಕ್ಕಕ್ಕಿಂತ ಅದಕ್ಕ.

ಬಿಸಿ ಚಕ್ಲಿ ಕೊಟ್ರ ತಿನ್ರಿ, ಆದ್ರ ಅದರ ಮ್ಯಾಲ ಆರ್ಡರ್ ಕೊಡಬ್ಯಾಡ್ರಿ. ನಿಮ್ಮ ಪಾಕೀಟು ಅಲ್ಲೇ ಒಡಸ್ರಿ, ತಳದಾಗಿಂದು ಒಂದು ತಗದು ಮುರದು ಮೂಸಿ ನೋಡ್ರಿ. ಒಡಿಯಾಕ ಒಲ್ಲೆ ಅಂದ್ರ ಮುಂದಿನ ಅಂಗಡಿಗೆ ನಡೀರಿ. ಮೋಸ ಆತಂದ್ರ ಫೋಟೋ, ಬಿಲ್ ಇಟ್ಕೊಂಡು ಗ್ರಾಹಕರ ಸಹಾಯವಾಣಿ 1915ಕ್ಕ ಫೋನ್ ಹಚ್ರಿ. ಫುಡ್ ಸೇಫ್ಟಿ ಕನೆಕ್ಟ್ ಆ್ಯಪ್‌ನಾಗೂ ದೂರು ಹಾಕಬಹುದು. ನಾವೂ ಹಾಕೇವಿ. ಅಂಗಡಿ ಹೆಸರು ಕೇಳಬ್ಯಾಡ್ರಿ, ತಪಾಸಣಿ ಆಗೂತನಕ ಬರಿಯೂದಿಲ್ಲ.