ದಾವಣಗೆರೆಯಿಂದ ಬೆಂಗಳೂರಿಗೆ: ಹೆದ್ದಾರಿಯೋ, ಶಿವಮೊಗ್ಗದ ವಿಮಾನವೋ?

ದಾವಣಗೆರೆಯ ವಿದ್ಯಾನಗರದಲ್ಲಿರುವ ನಮ್ಮ ಮನೆಯಿಂದ ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ತಂಗಿಯ ಮನೆಗೆ, ಅಮ್ಮನ ಮಂಡಿನೋವಿನ ಚಿಕಿತ್ಸೆಯ ಸಲುವಾಗಿ ಹಲವು ಬಾರಿ ಹೋಗಿಬಂದಿದ್ದೇನೆ. ನಮ್ಮೂರಿನಲ್ಲಿ ವಿಮಾನ ನಿಲ್ದಾಣವಿಲ್ಲ. ಆದರೆ 2023ರಲ್ಲಿ ಶಿವಮೊಗ್ಗದ ಸೋಗಾನೆಯಲ್ಲಿ ಕುವೆಂಪು ವಿಮಾನ ನಿಲ್ದಾಣ ಆರಂಭವಾದ ಮೇಲೆ, ಅಮ್ಮನಿಗೆ ಆಯಾಸ ಕಡಿಮೆಯಾದೀತೆಂಬ ಆಸೆಯಿಂದ ಒಮ್ಮೆ ಆ ದಾರಿಯನ್ನೂ ಹಿಡಿದೆವು.

ಮೊದಲು ದೂರದ ಮಾತು. ದಾವಣಗೆರೆ ಮತ್ತು ಬೆಂಗಳೂರಿನ ನಡುವೆ ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ಸುಮಾರು 245 ಕಿಲೋಮೀಟರ್ ಆಗುತ್ತದೆ. ಚಿತ್ರದುರ್ಗ, ಹಿರಿಯೂರು, ಶಿರಾ, ತುಮಕೂರು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ 260ರ ಆಸುಪಾಸು. ಬೀರೂರು, ಅರಸೀಕೆರೆಗಳನ್ನು ಬಳಸಿಕೊಂಡು ಹೋಗುವ ರೈಲು 320 ಕಿಲೋಮೀಟರಿಗಿಂತ ಹೆಚ್ಚು ಸಾಗಬೇಕಾಗುತ್ತದೆ. ಹೆದ್ದಾರಿಯೇ ಇಷ್ಟು ನೇರವಾಗಿರುವಾಗ ವಿಮಾನಕ್ಕೆ ಉಳಿಸಿಕೊಡಲು ಹೆಚ್ಚೇನೂ ಇರುವುದಿಲ್ಲ. ಅಷ್ಟೇ ಅಲ್ಲ, ಬೆಂಗಳೂರು ನಮಗೆ ಆಗ್ನೇಯಕ್ಕಿದ್ದರೆ ಸೋಗಾನೆ ನೈರುತ್ಯಕ್ಕಿದೆ. ಹೊನ್ನಾಳಿ ಮಾರ್ಗವಾಗಿ ಸುಮಾರು 100 ಕಿಲೋಮೀಟರ್ ರಸ್ತೆ, ಅಲ್ಲಿಂದ ಆಕಾಶದಲ್ಲಿ 240, ದೇವನಹಳ್ಳಿಯಿಂದ ಮಲ್ಲೇಶ್ವರಕ್ಕೆ ಮತ್ತೆ 35 ಸೇರಿದರೆ ಒಟ್ಟು 370 ಕಿಲೋಮೀಟರ್ ದಾಟುತ್ತದೆ.

ಸಮಯದ ಲೆಕ್ಕವೂ ಇದಕ್ಕೆ ತಕ್ಕಂತೆಯೇ ಇತ್ತು. ಸೋಗಾನೆ ತಲುಪಲು ಎರಡೂಕಾಲು ಗಂಟೆ, ಭದ್ರತಾ ತಪಾಸಣೆ ಮತ್ತು ಕಾಯುವಿಕೆಗೆ ಒಂದೂಕಾಲು, ಹಾರಾಟಕ್ಕೆ ಒಂದು, ಚೀಲ ಪಡೆದು ಹೊರಬರಲು ಅರ್ಧ, ಟ್ಯಾಕ್ಸಿಯಲ್ಲಿ ಒಂದೂವರೆ, ಹೀಗೆ ಮನೆಯಿಂದ ಮನೆಗೆ ಆರೂವರೆ ಗಂಟೆ ಹಿಡಿಯಿತು. ಬೆಳಿಗ್ಗೆ ಐದಕ್ಕೆ ಕಾರಿನಲ್ಲಿ ಹೊರಟಾಗ, ಹಿರಿಯೂರಿನ ಬಳಿ ತಿಂಡಿಗೆ ನಿಂತ ಅರ್ಧ ಗಂಟೆಯೂ ಸೇರಿ, ಐದೂಕಾಲು ಗಂಟೆಯಲ್ಲಿ ತಂಗಿಯ ಮನೆಯಲ್ಲಿದ್ದೆವು. ಅದರಲ್ಲಿ ನೆಲಮಂಗಲ ದಾಟಿದ ಮೇಲಿನ ಇಪ್ಪತ್ತೈದು ಕಿಲೋಮೀಟರಿಗೇ ಒಂದು ಗಂಟೆ ಹೋಯಿತು. ಗೊರಗುಂಟೆಪಾಳ್ಯದ ದಟ್ಟಣೆ ಇಲ್ಲದಿದ್ದರೆ ರಸ್ತೆಯ ಪ್ರಯಾಣ ಇನ್ನೂ ಹಗುರವಾಗುತ್ತಿತ್ತು.

ಅಮ್ಮನ ಮಟ್ಟಿಗೆ ಗಂಟೆಗಳಿಗಿಂತಲೂ ಹತ್ತಿಳಿಯುವುದೇ ದೊಡ್ಡ ಕಷ್ಟ. ವಿಮಾನ ನಿಲ್ದಾಣದ ಗಾಲಿಕುರ್ಚಿಯ ಸೌಲಭ್ಯ ನಿಜಕ್ಕೂ ಚೆನ್ನಾಗಿತ್ತು, ಸಿಬ್ಬಂದಿಯೂ ಅಕ್ಕರೆಯಿಂದ ನೋಡಿಕೊಂಡರು. ಆದರೂ ಕಾರು, ಕುರ್ಚಿ, ವಿಮಾನದ ಮೆಟ್ಟಿಲು, ಮತ್ತೆ ಕುರ್ಚಿ, ಮತ್ತೆ ಟ್ಯಾಕ್ಸಿ ಎಂದು ಐದಾರು ಬಾರಿ ಎದ್ದು ಕುಳಿತು, ಸಂಜೆಗೆ ಅವರ ಮಂಡಿ ಊದಿಕೊಂಡಿತ್ತು. ಕಾರಿನಲ್ಲಾದರೆ ಬೇಕಾದಲ್ಲಿ ನಿಲ್ಲಿಸಿ ಕಾಲು ಚಾಚಬಹುದು.

ದೇವನಹಳ್ಳಿಯಿಂದ ಮುಂದೆ ದೆಹಲಿಗೋ ಮುಂಬಯಿಗೋ ಹೋಗುವವರ ವಿಷಯ ಬೇರೆಯೆಂದು ಮೊದಲು ನಾನೂ ಭಾವಿಸಿದ್ದೆ. ಆದರೆ ಡಾಬಸ್‌ಪೇಟೆಯಲ್ಲಿ ಹೆದ್ದಾರಿ ಬಿಟ್ಟು ದೊಡ್ಡಬಳ್ಳಾಪುರದ ಮೂಲಕ ಹೋದರೆ ಬೆಂಗಳೂರನ್ನು ಹೊಗದೆಯೇ ವಿಮಾನ ನಿಲ್ದಾಣ ಸೇರಬಹುದಾದ್ದರಿಂದ, ಅವರಿಗೂ ನಾನು ರಸ್ತೆಯನ್ನೇ ಹೇಳುತ್ತೇನೆ. ಹೈದರಾಬಾದಿನಂಥ ದೂರದ ಊರಿಗೆ ಶಿವಮೊಗ್ಗದಿಂದ ನೇರ ವಿಮಾನವಿರುವ ದಿನ ಮಾತ್ರ ಸೋಗಾನೆಯ ದಾರಿ ಸಾರ್ಥಕ.

ಅಮ್ಮನ ಮುಂದಿನ ತಪಾಸಣೆಗೆ ಮತ್ತೆ ಬೆಳಿಗ್ಗೆ ಐದಕ್ಕೇ ಕಾರಿನಲ್ಲಿ ಹೊರಡುವುದೆಂದು ತಂಗಿಗೆ ತಿಳಿಸಿದ್ದೇನೆ.